ಗೆರೆಯ ಮೇಲೆ ಮೂಗು: ಫೋಟೊ ಫಿನಿಷ್ ತೀರ್ಪನ್ನು ನಂಬುವುದು ಹೇಗೆ?

ಪ್ರಶ್ನೆ: ದಾವಣಗೆರೆಯ ನಿಟುವಳ್ಳಿಯಿಂದ ಬರೆಯುತ್ತಿದ್ದೇನೆ. ಕಳೆದ ತಿಂಗಳು ಭಾವಮೈದುನನ ಜೊತೆ ಮೊದಲ ಸಲ ಕುದುರೆ ರೇಸ್ ನೋಡಲು ಹೋಗಿದ್ದೆ. ನಾಲ್ಕನೆಯ ಓಟದಲ್ಲಿ ಏಳನೆಯ ನಂಬರಿನ ಕುದುರೆಗೆ ಸಾವಿರ ರೂಪಾಯಿ ಕಟ್ಟಿದೆ. ಕೊನೆಯಲ್ಲಿ ಅದು ನಾವು ಕುಳಿತ ಕಡೆಯಿಂದಲೂ ಮೂರನೆಯ ನಂಬರಿನದು ಆಚೆ ಬೇಲಿಯ ಪಕ್ಕದಿಂದಲೂ ಒಟ್ಟಿಗೇ ಬಂದವು. ನನ್ನ ಕುದುರೆ ಮುಂದಿದ್ದುದನ್ನು ಕಣ್ಣಾರೆ ಕಂಡೆ. ಭಾವಮೈದುನನ ಮೊಬೈಲ್ ವಿಡಿಯೊದಲ್ಲಿಯೂ ಹಾಗೆಯೇ ಇದೆ. ಆದರೆ ಫೋಟೊ ನೋಡಿ ಮೂರನೆಯದು ಗೆದ್ದಿತು ಎಂದರು, ಅದೂ ಒಂದು ಮೂಗಿನ ಅಂತರದಿಂದ. ಆಮೇಲೆ ಆ ಫೋಟೊ ನೋಡಿದೆ. ಕುದುರೆಗಳ ಕಾಲು ಸೊಟ್ಟಗಿವೆ, ಹಿಂದೆ ಹುಲ್ಲು ಕಾಣುವುದಿಲ್ಲ, ಬರೀ ಅಡ್ಡ ಪಟ್ಟೆಗಳು. ಇದನ್ನು ಯಾರಾದರೂ ತಿದ್ದಿರಬಹುದೇ? ಫಲಿತಾಂಶ ಬರುವ ಮುನ್ನವೇ ಗೆದ್ದ ಕುದುರೆಯನ್ನು ಗುರುತಿಸಿ ಬಾಜಿ ಕಟ್ಟುವವರಿದ್ದಾರೆ, ಅದೊಂದು ವಿದ್ಯೆ ಎಂದು ಭಾವಮೈದುನ ಹೇಳುತ್ತಾನೆ, ನಿಜವೇ? ಎರಡೂ ಸಮ ಬಂದರೆ ದುಡ್ಡಿನ ಗತಿ ಏನು? ಕೊನೆಯದಾಗಿ, ಜಗಳೂರು ಕಡೆಯ ನಮ್ಮ ಹಳ್ಳಿಯ ಜಾತ್ರೆಯಲ್ಲಿ ಎತ್ತಿನ ಗಾಡಿ ಓಟ ನಡೆಸುತ್ತೇವೆ. ಪ್ರತಿ ಸಲ ಗೆರೆಯ ಹತ್ತಿರ ಜಗಳ. ಅಲ್ಲಿ ಏನಾದರೂ ಮಾಡಬಹುದೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಗು ಬಂದಿತು, ಏಕೆಂದರೆ ಇಂಥ ಮಾತನ್ನು ನಾನು ಕೆಲಸ ಮಾಡುತ್ತಿದ್ದ ಫೋಟೊ ಫಿನಿಷ್ ಕೋಣೆಯ, ಅಂದರೆ ಕುದುರೆಗಳು ಗೆರೆ ಮುಟ್ಟುವ ಗಳಿಗೆಯ ಚಿತ್ರ ತೆಗೆಯುವ ಕೋಣೆಯ, ಕಿಟಕಿಯ ಕೆಳಗೆ ವರ್ಷಗಟ್ಟಲೆ ಕೇಳಿದ್ದೇನೆ, ಇದಕ್ಕಿಂತ ಖಾರವಾದ ಭಾಷೆಯಲ್ಲಿ. ಎರಡನೆಯ ಸಲ ಓದಿದಾಗ ಒಂದು ವಿವರ ಕಣ್ಣಿಗೆ ಬಿತ್ತು: ನಿಮ್ಮ ಕುದುರೆ ನಿಮ್ಮ ಕಡೆಯಿಂದ ಬಂದಿತು, ಗೆದ್ದದ್ದು ಆಚೆ ಬೇಲಿಯ ಪಕ್ಕದ್ದು. ನೀವು ಎಲ್ಲಿ ಕುಳಿತಿದ್ದಿರೆಂದು ಬರೆದಿಲ್ಲ. ಆದರೂ ಪಂಥ ಕಟ್ಟಿ ಹೇಳಬಲ್ಲೆ, ಗೆಲುವಿನ ಕಂಬಕ್ಕಿಂತ ಈಚೆಗೆ ಕುಳಿತಿದ್ದಿರಿ. ಅಂದರೆ ಕುದುರೆಗಳು ನಿಮ್ಮ ಮುಂದೆ ಹಾದು ಹೋಗಿ, ಆಮೇಲೆ ಕಂಬ ಮುಟ್ಟಿದವು. ಹೌದಲ್ಲವೇ? ಹೌದಾದರೆ ನೀವು ಕಂಡದ್ದೂ ಸುಳ್ಳಲ್ಲ, ಜಡ್ಜ್ ಹೇಳಿದ್ದೂ ಸುಳ್ಳಲ್ಲ.

ಎಪಿಎಂಸಿ ಅಂಗಳದಲ್ಲಿ ಮೆಕ್ಕೆಜೋಳ ತೂಗಿಸಿದ ಯಾವ ರೈತನಿಗೂ ಇದು ಗೊತ್ತಿರುವ ವಿಷಯ. ಮುಳ್ಳಿನ ತಕ್ಕಡಿಯನ್ನು ಎಡಗಡೆ ನಿಂತು ನೋಡಿದರೆ ಒಂದು ತೂಕ, ಬಲಗಡೆ ನಿಂತು ನೋಡಿದರೆ ಇನ್ನೊಂದು. ಮುಳ್ಳು ಅಲುಗಿಲ್ಲ, ಹಲಗೆಯೂ ಅಲುಗಿಲ್ಲ. ಅವೆರಡರ ನಡುವೆ ಬೆರಳಗಲ ಜಾಗ ಇದೆ, ಅಷ್ಟೇ ಸಾಕು. ನೆಟ್ಟಗೆ ಎದುರಿಗೆ ನಿಂತವನಿಗೆ ಮಾತ್ರ ನಿಜವಾದ ತೂಕ ಕಾಣುತ್ತದೆ. ರೇಸಿನಲ್ಲಿ ಎರಡು ಕುದುರೆಗಳ ನಡುವಿನ ಜಾಗ ಬೆರಳಗಲವಲ್ಲ, ಮೀಟರುಗಳ ಲೆಕ್ಕದ್ದು.

ಒಂದು ಲೆಕ್ಕ ಹಾಕಿ ನೋಡಿ. ಓಟದ ದಾರಿಯಿಂದ 40 ಮೀಟರ್ ದೂರದಲ್ಲಿ, ಕಂಬಕ್ಕಿಂತ ಬರೀ 10 ಮೀಟರ್ ಈಚೆಗೆ ಕುಳಿತಿದ್ದೀರಿ. ಎರಡು ಕುದುರೆಗಳ ನಡುವೆ ಅಡ್ಡಲಾಗಿ 2 ಮೀಟರ್ ಅಂತರವಿದೆ. ನಿಮ್ಮ ನೋಟ ಓರೆಯಾಗಿ ಹೋಗುವುದರಿಂದ, ಪ್ರತಿ 4 ಮೀಟರ್ ಆಳಕ್ಕೆ 1 ಮೀಟರ್ ಮುಂದಕ್ಕೆ ಸರಿಯುತ್ತದೆ. 2 ಮೀಟರ್ ಆಳಕ್ಕೆ ಅರ್ಧ ಮೀಟರ್. ಅಂದರೆ ಆಚೆಯ ಕುದುರೆ ನಿಜವಾಗಿ ಅರ್ಧ ಮೀಟರ್ ಮುಂದಿದ್ದರೆ ಆಗ ನಿಮ್ಮ ಕಣ್ಣಿಗೆ ಎರಡೂ ಸಮ! ನಿಜವಾಗಿ ಸಮ ಇದ್ದರೆ ನಿಮ್ಮ ಕಡೆಯದು ಅರ್ಧ ಮೀಟರ್ ಮುಂದೆ ಕಾಣುತ್ತದೆ. ಸೋಲು ಗೆಲುವು ತೀರ್ಮಾನವಾದದ್ದು ಎರಡು ಮೂರು ಸೆಂಟಿಮೀಟರಿನಲ್ಲಿ. ಕಂಬ ದಾಟಿ ಆಚೆಗೆ ಕುಳಿತವರಿಗೆ ಇದೆಲ್ಲ ತಿರುವುಮುರುವು. ಅವರ ಪಾಲಿಗೆ ಮೂರನೆಯ ನಂಬರು ಆರಾಮವಾಗಿ ಗೆದ್ದಿರುತ್ತದೆ. ಆ ದಿನ ನೀವು ಎದ್ದುನಿಂತು ಕೂಗಾಡುತ್ತಿದ್ದಾಗ, ಆ ತುದಿಯಲ್ಲಿ ಇಷ್ಟಕ್ಕೆಲ್ಲ ಫೋಟೊ ಏಕೆ ಬೇಕಾಗಿತ್ತು ಎಂದು ಗೊಣಗುವವರೂ ಇದ್ದೇ ಇರುತ್ತಾರೆ.

ಭಾವಮೈದುನನ ಮೊಬೈಲಿನ ಸಾಕ್ಷ್ಯ ಇನ್ನೂ ದುರ್ಬಲ. ಅವನು ನಿಮ್ಮ ಪಕ್ಕದಲ್ಲಿಯೇ ಕುಳಿತು ಹಿಡಿದ ವಿಡಿಯೊ, ಆದ್ದರಿಂದ ಓರೆ ನೋಟದ ತಪ್ಪು ಅದರಲ್ಲಿಯೂ ಇದೆ. ಅದರ ಮೇಲೆ ಇನ್ನೊಂದು ತೊಡಕು. ಕೊನೆಯ ಹಂತದಲ್ಲಿ ಕುದುರೆಯ ವೇಗ ಗಂಟೆಗೆ ಸುಮಾರು 60 ಕಿ.ಮೀ., ಅಂದರೆ ಸೆಕೆಂಡಿಗೆ ಹದಿನಾರೂವರೆ ಮೀಟರಿಗಿಂತ ಹೆಚ್ಚು. ಮೊಬೈಲ್ ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ಒಂದು ಚಿತ್ರದಿಂದ ಇನ್ನೊಂದು ಚಿತ್ರಕ್ಕೆ ಬರುವಷ್ಟರಲ್ಲಿ ಕುದುರೆ 55 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಸೆಕೆಂಡಿಗೆ 25 ಚಿತ್ರದ ಟಿವಿಯಲ್ಲಾದರೆ 67 ಸೆಂಟಿಮೀಟರ್. ಒಂದು ಚಿತ್ರದಲ್ಲಿ ಮೂಗು ಗೆರೆಯಿಂದ ಒಂದು ಗೇಣು ಹಿಂದಿದೆ, ಮುಂದಿನ ಚಿತ್ರದಲ್ಲಿ ಗೆರೆ ದಾಟಿ ಮೊಳದ ಹತ್ತಿರ ಹೋಗಿದೆ. ಮುಟ್ಟಿದ ಗಳಿಗೆ ಎರಡು ಚಿತ್ರಗಳ ನಡುವಿನ ಕತ್ತಲಲ್ಲಿ ಬಿದ್ದುಹೋಯಿತು. ನಿಲ್ಲಿಸಿ ನಿಲ್ಲಿಸಿ ಎಷ್ಟು ಸಲ ನೋಡಿದರೂ ಇಲ್ಲದ ಚಿತ್ರ ಹುಟ್ಟಿ ಬರುವುದಿಲ್ಲ.

ಆ ಗಳಿಗೆಯೇ ಏಕೆ ಮುಖ್ಯ ಎಂದರೆ ಕುದುರೆಯ ಕತ್ತು ಸುಮ್ಮನಿರುವುದಿಲ್ಲ. ನಾಗಾಲೋಟದಲ್ಲಿ ಪ್ರತಿ ನೆಗೆತಕ್ಕೂ ತಲೆ ಒಮ್ಮೆ ಮುಂದಕ್ಕೆ ಚಾಚಿ ಕೆಳಗಿಳಿಯುತ್ತದೆ, ಒಮ್ಮೆ ಮೇಲಕ್ಕೆದ್ದು ಹಿಂದೆ ಸರಿಯುತ್ತದೆ. ಸೆಕೆಂಡಿಗೆ ಎರಡಕ್ಕಿಂತ ಹೆಚ್ಚು ಸಲ ಈ ತೂಗಾಟ ನಡೆಯುತ್ತದೆ. ಎರಡು ಕುದುರೆಗಳ ಶರೀರ ಸಮಸಮ ಇದ್ದರೂ ಒಂದರ ತಲೆ ಚಾಚಿದ ಹೊತ್ತಿಗೆ ಇನ್ನೊಂದರದು ಎತ್ತಿರುತ್ತದೆ. ಗೆರೆಗೆ ಒಂದು ಗಜ ಮುಂಚೆ ಏಳನೆಯದು ಮುಂದೆ, ಗೆರೆಯ ಮೇಲೆ ಮೂರನೆಯದು ಮುಂದೆ, ಗೆರೆ ದಾಟಿ ಒಂದು ಗಜಕ್ಕೆ ಮತ್ತೆ ಏಳನೆಯದು ಮುಂದೆ. ಇದು ಅಪರೂಪವಲ್ಲ. ನಾನು ಕಂಡ ಬಿಗಿಯಾದ ಓಟಗಳಲ್ಲಿ ಬಹುಪಾಲು ಹೀಗೆಯೇ ತೀರ್ಮಾನವಾದವು. ಪ್ರೇಕ್ಷಕನ ನೆನಪಿನಲ್ಲಿ ಮಾತ್ರ ಗೆರೆಯ ಆಚೆಗಿನ ಚಿತ್ರವೇ ಉಳಿಯುತ್ತದೆ. ರೆಪ್ಪೆ ಬಡಿಯಲು ಸೆಕೆಂಡಿನ ಹತ್ತನೆಯ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಕುದುರೆ ಒಂದೂವರೆ ಮೀಟರ್ ದಾಟಿರುತ್ತದೆ. ಎರಡು ಸೆಂಟಿಮೀಟರಿನ ಮೂಗಿನ ಅಂತರಕ್ಕೆ ಬೇಕಾದ ಕಾಲವಾದರೋ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ.

ಈಗ ನಿಮ್ಮ ಮುಖ್ಯ ಅನುಮಾನಕ್ಕೆ ಬರುತ್ತೇನೆ. ಸೊಟ್ಟ ಕಾಲು, ಮಾಯವಾದ ಹುಲ್ಲು.

ನಮ್ಮ ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು. ನನ್ನ ತಂದೆ ಅಂಥದೊಂದು ಗಿರಣಿಯಲ್ಲಿ ಮಗ್ಗದ ಮುಂದೆ ನಿಂತು ದುಡಿದವರು. ಫೋಟೊ ಫಿನಿಷ್ ಕ್ಯಾಮೆರಾ ಹೇಗೆ ಕೆಲಸ ಮಾಡುತ್ತದೆಂದು ಅವರಿಗೆ ವಿವರಿಸಲು ಹೋದಾಗ, ಅರ್ಧಕ್ಕೇ ತಡೆದು, 'ಇದು ಮಗ್ಗವಲ್ಲವೇನೋ' ಎಂದರು. ಅದಕ್ಕಿಂತ ಚೆನ್ನಾದ ವಿವರಣೆಯನ್ನು ನಾನು ಆಮೇಲೆ ಎಲ್ಲಿಯೂ ಕೇಳಲಿಲ್ಲ. ಮಗ್ಗದಲ್ಲಿ ಲಾಳಿ ಹೊಕ್ಕಿನ ಎಳೆಯನ್ನು ತಂದು ಹಾಕುವುದು ಯಾವಾಗಲೂ ಒಂದೇ ಜಾಗದಲ್ಲಿ. ಎಳೆ ಬೀಳುತ್ತದೆ, ಹಣಿಗೆ ಬಡಿಯುತ್ತದೆ, ಬಟ್ಟೆ ಒಂದು ಎಳೆಯಷ್ಟು ಸರಿದು ಸುತ್ತಿಕೊಳ್ಳುತ್ತದೆ, ಅದೇ ಜಾಗದಲ್ಲಿ ಮುಂದಿನ ಎಳೆ. ಬಟ್ಟೆಯ ಉದ್ದಕ್ಕೆ ಕಾಣುವುದು ಜಾಗವಲ್ಲ, ಹೊತ್ತು: ಮೊದಲು ಬಿದ್ದ ಎಳೆ ಈ ತುದಿಯಲ್ಲಿ, ಕೊನೆಗೆ ಬಿದ್ದದ್ದು ಆ ತುದಿಯಲ್ಲಿ.

ಗೆಲುವಿನ ಕಂಬದ ನೇರಕ್ಕೆ, ಎತ್ತರದಲ್ಲಿ ಇರಿಸಿದ ಆ ಕ್ಯಾಮೆರಾಕ್ಕೆ ಕಾಣುವುದು ಗೆರೆ ಮಾತ್ರ. ಹಳೆಯ ಯಂತ್ರದಲ್ಲಿ ಮಸೂರದ ಹಿಂದೆ ಕೂದಲೆಳೆಯಂಥ ಒಂದು ಲಂಬ ಸೀಳು, ಆ ಸೀಳಿನ ಹಿಂದೆ ನಿಲ್ಲದೆ ಸರಿಯುವ ಫಿಲ್ಮು. ಬಾಗಿಲು ತೆರೆದು ಮುಚ್ಚುವ ಮಾತೇ ಇಲ್ಲ. ಈಗಿನ ಡಿಜಿಟಲ್ ಯಂತ್ರದಲ್ಲಿ ಫಿಲ್ಮಿನ ಬದಲು ಒಂದೇ ಸಾಲಿನ ಸಂವೇದಕ. ಅದು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಗೆರೆಯನ್ನು ನೋಡಿ, ಕಂಡಷ್ಟನ್ನು ಎಳೆ ಎಳೆಯಾಗಿ ಪಕ್ಕಪಕ್ಕಕ್ಕೆ ಇಡುತ್ತದೆ. ಸಾವಿರ ಎಳೆ ಎಂದೇ ಇಟ್ಟುಕೊಳ್ಳಿ. ಒಂದು ಎಳೆಗೂ ಮುಂದಿನದಕ್ಕೂ ನಡುವೆ ಕುದುರೆ ಸರಿಯುವುದು ಒಂದೂ ಮುಕ್ಕಾಲು ಸೆಂಟಿಮೀಟರಿಗಿಂತ ಕಡಿಮೆ. ಎರಡು ಸಾವಿರವಾದರೆ ಅದರ ಅರ್ಧ. ಮೊಬೈಲಿನ 55 ಎಲ್ಲಿ, ಇದೆಲ್ಲಿ!

ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲಿ ಕಾದು ಕಾದು ಸುಸ್ತಾದವರಿಗೆ ಇನ್ನೊಂದು ರೀತಿಯಲ್ಲಿ ಹೇಳುತ್ತೇನೆ. ಗೂಡ್ಸ್ ಗಾಡಿ ಹೋಗುವಾಗ, ಒಂದಿಂಚೂ ಇಲ್ಲದ ಬಾಗಿಲ ಸಂದಿಯಿಂದ ಅದನ್ನು ನೋಡುತ್ತಿದ್ದೀರಿ ಎಂದುಕೊಳ್ಳಿ. ಸಂದಿಯಲ್ಲಿ ಕಂಡ ತುಣುಕನ್ನೆಲ್ಲ ಒಂದರ ಪಕ್ಕದಲ್ಲಿ ಒಂದು ಅಂಟಿಸುತ್ತಾ ಹೋದರೆ ಇಡೀ ಗಾಡಿಯ ಚಿತ್ರ ಸಿಗುತ್ತದೆ, ಎಂಜಿನ್ನಿನಿಂದ ಗಾರ್ಡ್ ಡಬ್ಬಿಯವರೆಗೆ. ಆದರೆ ಆ ಇಡೀ ಗಾಡಿ ಸಂದಿಯಲ್ಲಿ ಒಮ್ಮೆಗೇ ಎಂದೂ ಕಾಣಿಸಿಲ್ಲ. ಸಂದಿಯ ಎದುರಿನ ಗೋಡೆ ಮಾತ್ರ ಅಲ್ಲಾಡದೆ ನಿಂತಿದೆ. ಪ್ರತಿ ತುಣುಕಿನಲ್ಲಿಯೂ ಅದೇ ಗೋಡೆ, ಅದೇ ಕಲೆ. ಅಂಟಿಸಿದಾಗ ಆ ಕಲೆ ಉದ್ದಕ್ಕೂ ಎಳೆದ ಪಟ್ಟೆಯಾಗುತ್ತದೆ. ನಿಮ್ಮ ಫೋಟೊದಲ್ಲಿ ಹುಲ್ಲು ಹೋಗಿ ಪಟ್ಟೆ ಬಂದದ್ದು ಹೀಗೆ. ಗೆರೆಯ ಹಿಂದೆ ಇದ್ದ ಒಂದು ಹಿಡಿ ಹುಲ್ಲು ಸಾವಿರಾರು ಎಳೆಗಳಲ್ಲಿ ಮತ್ತೆ ಮತ್ತೆ ದಾಖಲಾಗಿದೆ.

ಕಾಲಿನ ಕತೆಯೂ ಅದೇ. ಗೆರೆಯ ಮುಂದೆ ನಿಧಾನವಾಗಿ ಹಾದದ್ದು ಹೆಚ್ಚು ಎಳೆಗಳಲ್ಲಿ ಬಿದ್ದು ಅಗಲವಾಗುತ್ತದೆ, ಬೇಗ ಹಾದದ್ದು ಕೆಲವೇ ಎಳೆಗಳಲ್ಲಿ ಬಿದ್ದು ಸಣ್ಣಗಾಗುತ್ತದೆ. ಕುದುರೆಯ ಮೈಯ ವೇಗಕ್ಕೆ ಯಂತ್ರವನ್ನು ಹೊಂದಿಸಿರುವುದರಿಂದ ಮೈ ಮತ್ತು ತಲೆ ಸರಿಯಾಗಿ ಕಾಣುತ್ತವೆ. ಕಾಲು ಹಾಗಲ್ಲ. ನೆಲಕ್ಕೆ ಊರಿದ ಗೊರಸು ಆ ಕ್ಷಣಕ್ಕೆ ನಿಂತೇ ಇರುತ್ತದೆ. ಅದು ಗೆರೆಯ ಮೇಲೆಯೇ ಊರಿದರೆ ಹಳೆಯ ಚಪ್ಪಲಿಯಂತೆ ಉದ್ದಕ್ಕೆ ಜಗ್ಗಿಕೊಳ್ಳುತ್ತದೆ. ಮುಂದಕ್ಕೆ ಬೀಸಿದ ಕಾಲು ಮೈಗಿಂತ ಬೇಗ ಹೋಗುವುದರಿಂದ ಕಡ್ಡಿಯಾಗುತ್ತದೆ. ನಿಜ ಹೇಳಬೇಕೆಂದರೆ ಕಾಲುಗಳೆಲ್ಲ ಅಂದವಾಗಿ, ಹಿಂದೆ ಹುಲ್ಲು ಹಸಿರಾಗಿ ಇರುವ ಫೋಟೊ ಯಾರಾದರೂ ತೋರಿಸಿದ್ದರೆ ನಾನು ಅನುಮಾನ ಪಡುತ್ತಿದ್ದೆ. ನೀವು ತಿದ್ದುಪಡಿಯ ಗುರುತು ಎಂದುಕೊಂಡದ್ದು ಆ ಚಿತ್ರ ಅಸಲಿ ಎನ್ನುವುದರ ಗುರುತು.

ಹೀಗಾಗಿ ಆ ಚಿತ್ರದಲ್ಲಿ ಎಡ ಬಲ ಎಂದರೆ ಮೊದಲು ಆಮೇಲೆ ಎಂದು ಓದಿಕೊಳ್ಳಬೇಕು. ಹತ್ತನೆಯದಾಗಿ ಬಂದ ಕುದುರೆಯೂ ಅಲ್ಲಿ ಗೆರೆಯ ಮೇಲೆಯೇ ಇದೆ, ತನ್ನ ಹೊತ್ತಿಗೆ. ಪರದೆಯ ಮೇಲೆ ಜಡ್ಜ್ ಒಂದು ಲಂಬ ಗೆರೆಯನ್ನು ಸರಿಸಿ ಮೂಗಿನ ತುದಿಗೆ ತಾಗಿಸುತ್ತಾರೆ. ಅದು ಒಂದು ಎಳೆ, ಅಂದರೆ ಒಂದು ಗಳಿಗೆ. ಎರಡನೆಯ ಕುದುರೆಯ ಮೂಗಿಗೆ ಇನ್ನೊಂದು. ಎರಡೂ ಬೇರೆ ಬೇರೆ ಎಳೆಯಾದರೆ ಅಂತರವಿದೆ. ಇಲ್ಲದಿದ್ದರೆ ಸಮ. ಲೆಕ್ಕಕ್ಕೆ ಬರುವುದು ಮೂಗು ಮಾತ್ರ. ಮುಂಗಾಲು ಎಷ್ಟೋ ಸಲ ಮೂಗಿಗಿಂತ ಮುಂದಿರುತ್ತದೆ, ಅದು ಲೆಕ್ಕಕ್ಕಿಲ್ಲ. ಜಾಕಿಯ ಕೈ, ಚಾಟಿ, ಲಗಾಮಿನ ಬಳೆ ಯಾವುದೂ ಇಲ್ಲ. ಈಚೆ ಕುದುರೆಯ ತಲೆ ಆಚೆಯದನ್ನು ಮುಚ್ಚಿದರೆ ಏನು ಮಾಡುತ್ತೀರಿ ಎಂದು ಕೇಳುವವರಿದ್ದಾರೆ. ಅದಕ್ಕಾಗಿ ಓಟದ ದಾರಿಯ ಆಚೆ ಬದಿಯಲ್ಲಿ, ಗೆರೆಯ ನೇರಕ್ಕೆ ಒಂದು ಕನ್ನಡಿ ನಿಲ್ಲಿಸಿರುತ್ತಾರೆ. ಅದೇ ಎಳೆಯಲ್ಲಿ ಕುದುರೆಯ ಆ ಮಗ್ಗುಲೂ ಬಂದುಬಿಡುತ್ತದೆ. ಕ್ಯಾಮೆರಾ ಗೆರೆಯಿಂದ ಕೊಂಚ ಸರಿದಿದ್ದರೂ ಕನ್ನಡಿ ಚಾಡಿ ಹೇಳುತ್ತದೆ, ಗೆರೆಯೂ ಅದರ ಪ್ರತಿಬಿಂಬವೂ ಒಂದಕ್ಕೊಂದು ಕೂಡುವುದಿಲ್ಲ. ನನ್ನ ಬೆಳಗಿನ ಮೊದಲ ಕೆಲಸ ಆ ಕನ್ನಡಿಯನ್ನು ಒರೆಸಿಸುವುದಾಗಿತ್ತು. ಪಾರಿವಾಳಗಳಿಗೆ ಅದರ ಮೇಲೆ ವಿಶೇಷ ಪ್ರೀತಿ.

ಈ ಯಂತ್ರ ಬರುವ ಮುನ್ನ ಎಲ್ಲವೂ ಜಡ್ಜ್ ಕಣ್ಣಿನ ಮೇಲೆ. ಇಂಗ್ಲೆಂಡಿನ ಎಪ್ಸಮ್ ಕೋರ್ಸಿನಲ್ಲಿ ನಡೆಯುವ ಹೆಸರಾಂತ ಡರ್ಬಿ ಓಟದಲ್ಲಿ 1828ರಲ್ಲಿ ಕ್ಯಾಡ್‌ಲ್ಯಾಂಡ್ ಮತ್ತು ದಿ ಕರ್ನಲ್ ಸಮ ಬಂದವು ಎಂದು ತೀರ್ಪು ಕೊಟ್ಟು ಎರಡನ್ನೂ ಮತ್ತೆ ಓಡಿಸಿದರು, ಕ್ಯಾಡ್‌ಲ್ಯಾಂಡ್ ಗೆದ್ದಿತು. 1884ರಲ್ಲಿ ಸೇಂಟ್ ಗೇಟಿಯನ್ ಮತ್ತು ಹಾರ್ವೆಸ್ಟರ್ ಸಮ ಬಂದಾಗ ಬಹುಮಾನ ಹಂಚಿಕೊಂಡರು. ನಿಜವಾಗಿ ಸಮ ಬಂದಿದ್ದವೋ, ಜಡ್ಜ್‌ಗೆ ಕಾಣದೆ ಹೋಯಿತೋ ದೇವರೇ ಬಲ್ಲ. ಸೀಳಿನ ಕ್ಯಾಮೆರಾವನ್ನು ರೇಸಿಗೆ ಒಗ್ಗಿಸಿದವರು ಹಾಲಿವುಡ್ಡಿನ ಪ್ಯಾರಮೌಂಟ್ ಸ್ಟುಡಿಯೊದಲ್ಲಿದ್ದ ಲೊರೆಂಜೊ ಡೆಲ್ ರಿಚ್ಚೊ ಎಂಬ ದೃಗ್ವಿಜ್ಞಾನದ ಎಂಜಿನಿಯರ್. 1937ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ ಮಾರ್ ಕೋರ್ಸ್ ಆರಂಭವಾದಾಗ ಅವರ ಯಂತ್ರವೂ ಅಲ್ಲಿತ್ತು. ಇಂಗ್ಲೆಂಡಿನ ಎಪ್ಸಮ್‌ಗೆ ಫೋಟೊ ಬಂದದ್ದು 1947ರಲ್ಲಿ. ಫೋಟೊ ನೋಡಿ ತೀರ್ಮಾನಿಸಿದ ಮೊದಲ ಡರ್ಬಿ 1949ರದು, ಗೆದ್ದ ಕುದುರೆ ನಿಂಬಸ್. ಫೋಟೊ ಬಂದ ಮೇಲೆ ಸಮ ಬರುವುದು ನಿಂತುಹೋಗಲಿಲ್ಲ, ಕಡಿಮೆಯಾಯಿತು. 1956ರಲ್ಲಿ ಮೆಲ್ಬರ್ನಿನ ಫ್ಲೆಮಿಂಗ್ಟನ್ ಕೋರ್ಸಿನಲ್ಲಿ ಹಾಥಮ್ ಹ್ಯಾಂಡಿಕ್ಯಾಪ್ ಓಟದ ಫೋಟೊ ನೋಡಿದ ಜಡ್ಜ್ ಒಂದಲ್ಲ, ಎರಡಲ್ಲ, ಮೂರು ಕುದುರೆ ಸಮ ಎಂದರು. ಅಂಥದೊಂದನ್ನು ನನ್ನ ಪರದೆಯ ಮೇಲೆ ನೋಡಬೇಕೆಂಬ ಆಸೆ ಇತ್ತು. ನಿವೃತ್ತಿಯವರೆಗೂ ಈಡೇರಲಿಲ್ಲ.

ಸಮ ಬಂದರೆ ದುಡ್ಡು ಏನಾಗುತ್ತದೆ? ಇದನ್ನು ಲೆಕ್ಕ ಹಾಕಿಯೇ ತೋರಿಸಬೇಕು, ಏಕೆಂದರೆ ಕೌಂಟರಿನ ಮುಂದೆ ಅತಿ ಹೆಚ್ಚು ಜಗಳ ಹುಟ್ಟುವುದು ಇಲ್ಲಿಯೇ. ಬುಕ್ಕಿಯ ಹತ್ತಿರ ಕಟ್ಟಿದ್ದರೆ ಸಾಮಾನ್ಯ ನಿಯಮ ಹೀಗೆ: ನಿಮ್ಮ ಹಣದ ಅರ್ಧ ಗೆದ್ದಿತು, ಅರ್ಧ ಸೋತಿತು. ಗೆದ್ದ ಅರ್ಧಕ್ಕೆ ಪೂರ್ತಿ ಭಾವು, ಅಂದರೆ ರೂಪಾಯಿಗೆ ಇಷ್ಟು ಲಾಭ ಎಂದು ಬುಕ್ಕಿ ಒಪ್ಪಿಕೊಂಡ ದರ. ತೆರಿಗೆ ಬದಿಗಿಡೋಣ. ಸಾವಿರ ರೂಪಾಯಿಯನ್ನು ಒಂದಕ್ಕೆ ನಾಲ್ಕರ ಭಾವಿನಲ್ಲಿ ಕಟ್ಟಿದ್ದೀರಿ. ಪೂರ್ತಿ ಗೆದ್ದಿದ್ದರೆ ಕೈಗೆ ಐದು ಸಾವಿರ. ಸಮ ಬಂದರೆ 500ಕ್ಕೆ 2,000, ಜೊತೆಗೆ ಆ 500, ಒಟ್ಟು 2,500. ಇಲ್ಲಿಯವರೆಗೆ ಯಾರದೂ ತಕರಾರಿಲ್ಲ. ಈಗ ಎಲ್ಲರೂ ಮುಗಿಬಿದ್ದ ಫೇವರಿಟ್ ಕುದುರೆಯನ್ನು ತೆಗೆದುಕೊಳ್ಳಿ, ಭಾವು ರೂಪಾಯಿಗೆ ಎಂಟಾಣೆ. ಸಾವಿರ ಕಟ್ಟಿದ್ದೀರಿ, ಕುದುರೆ ಸಮ ಬಂದಿತು. 500ಕ್ಕೆ 250, ಜೊತೆಗೆ ಆ 500. ಕೈಗೆ ಬಂದದ್ದು 750! ನಿಮ್ಮ ಕುದುರೆ ಮೊದಲ ಸ್ಥಾನದಲ್ಲಿದೆ, ಬೋರ್ಡಿನ ಮೇಲೆ ಅದರ ನಂಬರಿದೆ, ನೀವು 250 ರೂಪಾಯಿ ಕಳೆದುಕೊಂಡಿದ್ದೀರಿ. ಇದನ್ನು ಅರಗಿಸಿಕೊಂಡ ಮನುಷ್ಯನನ್ನು ನಾನು ಇನ್ನೂ ಕಂಡಿಲ್ಲ.

ಟೋಟ್‌ನಲ್ಲಿ ಅಂದರೆ ರೇಸ್ ಕೋರ್ಸಿನವರೇ ನಡೆಸುವ ಬಾಜಿ ಕೌಂಟರಿನಲ್ಲಿ ಭಾವು ಎನ್ನುವುದೇ ಮೊದಲಿಗೆ ಇರುವುದಿಲ್ಲ. ಎಲ್ಲರ ಹಣ ಒಂದು ರಾಶಿಗೆ ಬೀಳುತ್ತದೆ, ಕಡಿತ ಕಳೆದು ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ಸಮ ಬಂದರೆ ಆ ರಾಶಿಯನ್ನು ಮೊದಲು ಎರಡು ಪಾಲು ಮಾಡುತ್ತಾರೆ. ಉದಾಹರಣೆಗೆ ಹಂಚಲು 90,000 ಇದೆ. ಪಾಲಿಗೆ 45,000. ಒಂದು ಕುದುರೆಯ ಮೇಲೆ ಹತ್ತು ರೂಪಾಯಿಯ 900 ಟಿಕೆಟ್ ಇದ್ದರೆ ಟಿಕೆಟ್ಟಿಗೆ 50. ಇನ್ನೊಂದರ ಮೇಲೆ 3,000 ಟಿಕೆಟ್ ಇದ್ದರೆ 15. ಎರಡೂ ಸಮ ಬಂದ ಕುದುರೆಗಳೇ, ಹಣ ಮಾತ್ರ ಸಮವಲ್ಲ.

ಇದಕ್ಕೇ ಹೊಂದಿಕೊಂಡ ಮಾತು: ಅಂತಿಮ ಘೋಷಣೆ ಆಗುವವರೆಗೆ ಟಿಕೆಟ್ ಹರಿಯಬೇಡಿ. ಫೋಟೊ ನೋಡಿ ಜಡ್ಜ್ ಹೇಳುವುದು ಯಾವುದು ಮೊದಲು ಮುಟ್ಟಿತು ಎಂದಷ್ಟೇ. ಅಡ್ಡ ಬಂದರು, ತಳ್ಳಿದರು ಎಂಬ ಆಕ್ಷೇಪಣೆ ಬಂದರೆ ಅದನ್ನು ವಿಚಾರಿಸುವವರು ಸ್ಟೀವರ್ಡ್‌ಗಳು, ಅದು ಬೇರೆ ಕೋಣೆ. ಜಾಕಿಗಳ ತೂಕವೂ ಆಗಬೇಕು. ಒಮ್ಮೆ ಮೂರನೆಯ ಸ್ಥಾನಕ್ಕೆ ಸಮ ಎಂದು ಹೇಳಿದ ಮೇಲೆ, ಪಂಚೆ ಉಟ್ಟ ಹಿರಿಯರೊಬ್ಬರು ಮೆಟ್ಟಿಲ ಕೆಳಗೆ ಮಂಡಿಯೂರಿ ತಮ್ಮ ಪ್ಲೇಸ್ ಟಿಕೆಟ್ಟಿನ (ಗೆಲ್ಲದೆ ಮುಂದಿನ ಸ್ಥಾನಗಳಲ್ಲಿ ಬಂದರೂ ಹಣ ಸಿಗುವ ಟಿಕೆಟ್ಟು) ನಾಲ್ಕು ಚೂರುಗಳನ್ನು ಹುಡುಕಿದ್ದನ್ನು ಮೇಲಿನಿಂದ ನೋಡಿದೆ. ಮೂರು ಸಿಕ್ಕವು. ನಾಲ್ಕನೆಯದರ ಮೇಲೆ ಯಾರೋ ಕಾಲಿಟ್ಟು ನಿಂತಿದ್ದರು. ಕೂಗಿ ಹೇಳಿದೆ, ಗದ್ದಲದಲ್ಲಿ ಕೇಳಿಸಲಿಲ್ಲ.

ಭಾವಮೈದುನ ಹೇಳುವ ವಿದ್ಯೆಯ ವಿಚಾರ. ಪೂರ್ತಿ ಸುಳ್ಳಲ್ಲ. ಓಟ ಮುಗಿದು ಫಲಿತಾಂಶ ಬರುವ ಮುನ್ನ ಅಕ್ಕಪಕ್ಕದವರು ತಮ್ಮತಮ್ಮಲ್ಲೇ ಪಂಥ ಕಟ್ಟುವುದನ್ನು ಎಲ್ಲ ಕಡೆ ಕಾಣಬಹುದು. ಅದರಲ್ಲಿ ಸತತವಾಗಿ ಗೆಲ್ಲುವವನು ಕಂಬದ ನೇರಕ್ಕೆ ನಿಂತಿರುತ್ತಾನೆ, ಅಥವಾ ಓರೆ ನೋಟ ಎಷ್ಟು ಮೋಸ ಮಾಡುತ್ತದೆ ಎಂದು ಲೆಕ್ಕ ಕಳೆಯುತ್ತಾನೆ. ಕಂಬಕ್ಕಿಂತ ಈಚೆ ನಿಂತಾಗ ಆಚೆಯ ಕುದುರೆ ಸಮ ಕಂಡರೆ ಆಚೆಯದೇ ಗೆದ್ದಿದೆ. ಕಂಬ ದಾಟಿ ನಿಂತಾಗ ಈಚೆಯದು ಸಮ ಕಂಡರೆ ಈಚೆಯದು. ಟಿವಿಯಲ್ಲಿ ನೋಡುವುದಾದರೆ ಕ್ಯಾಮೆರಾ ಕಂಬದ ಯಾವ ಬದಿಗಿದೆ ಎಂದು ಮೊದಲಿನ ಎರಡು ಓಟಗಳಲ್ಲಿಯೇ ತಿಳಿದುಕೊಂಡಿರುತ್ತಾನೆ. ಗೆರೆ ದಾಟಿದ ಮೇಲಿನ ಅಬ್ಬರವನ್ನು ನೋಡುವುದೇ ಇಲ್ಲ. ಅವನ ಕಣ್ಣು ಕಂಬದ ಬುಡದಲ್ಲಿ ನೆಟ್ಟಿರುತ್ತದೆ, ಕುದುರೆಗಳೇ ಅಲ್ಲಿಗೆ ಬರಬೇಕು. ಹಿಂದಿನಿಂದ ರಭಸವಾಗಿ ನುಗ್ಗಿ ಬಂದ ಕುದುರೆ ಗೆದ್ದಂತೆ ಕಾಣುವುದು ಸಹಜ ಎಂದೂ ಅವನಿಗೆ ಗೊತ್ತು. ಇಷ್ಟೆಲ್ಲ ಮಾಡಿದರೂ ಅವನ ವಿದ್ಯೆ ತಲೆಯಷ್ಟು, ಕತ್ತಿನಷ್ಟು ಅಂತರಕ್ಕೆ ಸಾಕಾಗುತ್ತದೆ. ಮೂಗಿನ ಅಂತರಕ್ಕೆ ಸಾಲದು. ಇಷ್ಟು ವರ್ಷ ಆ ಕಿಟಕಿಯಲ್ಲಿ ಗೆರೆಯ ನೆಟ್ಟ ನೇರಕ್ಕೆ ಕುಳಿತ ನಾನೇ, ಚಿತ್ರ ಬರುವ ಮುನ್ನ ಮನಸ್ಸಿನಲ್ಲಿ ಒಂದು ನಂಬರು ಹೇಳಿಕೊಂಡು, ಚಿತ್ರ ಬಂದ ಮೇಲೆ ತುಟಿ ಕಚ್ಚಿಕೊಂಡ ದಿನಗಳು ಬೇಕಾದಷ್ಟಿವೆ. ನಿಮ್ಮ ಎದುರಿಗೆ ನಿಂತು ಧೈರ್ಯವಾಗಿ ಪಂಥ ಕಟ್ಟುವವನು ನಿಮಗಿಂತ ಒಳ್ಳೆಯ ಜಾಗದಿಂದ ನೋಡಿ ಬಂದಿರುವ ಸಂಭವವೇ ಹೆಚ್ಚು. ಅವನ ಜೊತೆ ಕಟ್ಟಬೇಡಿ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1996ರಲ್ಲಿ ಸುಪ್ರೀಂ ಕೋರ್ಟು ಕುದುರೆ ರೇಸನ್ನು ಕೌಶಲದ ಆಟ ಎಂದಿತು ನಿಜ. ಆ ತೀರ್ಪನ್ನು ಹಿಡಿದುಕೊಂಡು ಊರೊಳಗಿನ ಯಾವುದೋ ಅಂಗಡಿಯ ಹಿಂಬದಿಯಲ್ಲಿ ಫೋನಿನ ಮೇಲೆ ಬಾಜಿ ಕಟ್ಟಿದರೆ ಅದು ಕರ್ನಾಟಕ ಪೊಲೀಸ್ ಕಾಯ್ದೆಯ ಪ್ರಕಾರ ಅಪರಾಧವೇ. ಪರವಾನಗಿ ಪಡೆದ ಜಾಗದಲ್ಲಿ, ಪರವಾನಗಿ ಪಡೆದವರ ಹತ್ತಿರ ಕಟ್ಟಿದ್ದಕ್ಕೆ ಮಾತ್ರ ರಕ್ಷಣೆ.

ಇನ್ನು ನಿಮ್ಮ ಗಾಡಿ ಓಟ. ಪತ್ರದಲ್ಲಿ ಇದನ್ನು ಕೊನೆಗೆ ಬರೆದಿದ್ದೀರಿ, ನನಗೆ ಮೊದಲು ಇಷ್ಟವಾದದ್ದು ಇದೇ. ಎರಡೆರಡು ಗಾಡಿ ಒಟ್ಟಿಗೆ ಬಿಡುವ ಓಟವೆಂದುಕೊಂಡು ಹೇಳುತ್ತೇನೆ. ಸುಣ್ಣದ ಗೆರೆ ಎಳೆಯುತ್ತೀರಿ, ನಾಲ್ಕು ಗಾಡಿ ಹೋಗುವಷ್ಟರಲ್ಲಿ ಅದು ಅಳಿಸಿಹೋಗುತ್ತದೆ, ಆಮೇಲೆ ಹಿರಿಯರು ತಮ್ಮ ನೆನಪಿನ ಗೆರೆಯ ಮೇಲೆ ತೀರ್ಪು ಕೊಡುತ್ತಾರೆ. ಇದರ ಬದಲು ಎರಡು ನೆಟ್ಟನೆಯ ಗೂಟ ತನ್ನಿ, ಆಳೆತ್ತರದವು. ಒಂದನ್ನು ದಾರಿಯ ಆಚೆ ಬದಿಗೆ, ಒಂದನ್ನು ಈಚೆ ಬದಿಗೆ ಗೆರೆಯ ನೇರಕ್ಕೆ ಹೂಳಿ. ತೀರ್ಪುಗಾರ ಈಚೆ ಗೂಟದಿಂದ ನಾಲ್ಕೈದು ಹೆಜ್ಜೆ ಹಿಂದೆ ನಿಂತು, ಒಂದು ಕಣ್ಣು ಮುಚ್ಚಿ, ಆಚೆಯ ಗೂಟ ಈಚೆಯದರ ಹಿಂದೆ ಪೂರ್ತಿ ಮರೆಯಾಗುವ ಜಾಗ ಹುಡುಕಬೇಕು. ಅಲ್ಲಿ ಒಂದು ಕಲ್ಲು ಇಡಿ. ಅದೇ ಪೀಠ. ಆ ಕಲ್ಲಿನಿಂದ ಒಂದು ಹೆಜ್ಜೆ ಈಚೆಗೆ ನಿಂತ ಮಂತ್ರಿಯ ಮಾತಿಗೂ ಬೆಲೆ ಕೊಡಬೇಡಿ.

ಅದೇ ನೇರದಲ್ಲಿ ಒಂದು ಮೊಬೈಲನ್ನು ಸ್ಟ್ಯಾಂಡಿಗೆ ಕಟ್ಟಿ ನಿಲ್ಲಿಸಿ, ಕೈಯಲ್ಲಿ ಹಿಡಿಯುವುದು ಬೇಡ. ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಚಿತ್ರ ತೆಗೆಯುವ ಫೋನುಗಳು ಈಗ ಹಳ್ಳಿಯ ಹುಡುಗರ ಹತ್ತಿರವೂ ಇವೆ. ಗಂಟೆಗೆ 36 ಕಿ.ಮೀ. ವೇಗದ ಗಾಡಿ ಒಂದು ಚಿತ್ರದಿಂದ ಇನ್ನೊಂದಕ್ಕೆ ಸರಿಯುವುದು ನಾಲ್ಕು ಸೆಂಟಿಮೀಟರಿನಷ್ಟು. ಜಾತ್ರೆಯ ಬಹುಮಾನಕ್ಕೆ ಇಷ್ಟು ನಿಖರತೆ ಧಾರಾಳ.

ಇದಕ್ಕಿಂತ ಮುಖ್ಯವಾದದ್ದು, ಯಾವುದು ಮುಟ್ಟಿದರೆ ಗೆಲುವು ಎಂದು ಓಟಕ್ಕೆ ಮುನ್ನ ಧ್ವನಿವರ್ಧಕದಲ್ಲಿ ಹೇಳಿಬಿಡಿ. ನಿಮ್ಮ ಜಗಳದ ಅರ್ಧ ಇಲ್ಲಿಯೇ ಇರಬೇಕು. ಒಬ್ಬ ಎತ್ತಿನ ಮೂಗು ಎನ್ನುತ್ತಾನೆ, ಇನ್ನೊಬ್ಬ ಕೊಂಬು ಎನ್ನುತ್ತಾನೆ, ಮೂರನೆಯವನು ಗಾಡಿಯ ಗಾಲಿ ಎನ್ನುತ್ತಾನೆ. ಕುದುರೆಗೆ ಮೂಗು ಸರಿ, ಅದು ಒಂಟಿ ಪ್ರಾಣಿ. ಜೋಡೆತ್ತಿನಲ್ಲಿ ಎಡದ್ದು ಒಂದು ಗೇಣು ಮುಂದಿದ್ದು ಬಲದ್ದು ಹಿಂದಿರಬಹುದು. ಕೊಂಬಂತೂ ಬೇಡವೇ ಬೇಡ, ಒಂದು ಜೋಡಿಯದು ಉದ್ದ, ಒಂದರದು ಮೋಟು, ಮೇಲೆ ಟೇಪು, ಬಲೂನು. ನನ್ನನ್ನು ಕೇಳಿದರೆ ನೊಗ. ಎರಡೂ ಎತ್ತು ಅದಕ್ಕೇ ಕಟ್ಟಿಸಿಕೊಂಡಿವೆ, ನೇರವಾದ ಮರ, ಕತ್ತು ಕುಣಿಸಿದರೆ ಉದ್ದವಾಗುವುದಿಲ್ಲ. ನೊಗದ ಈಚೆ ತುದಿಗೆ ಬಿಳಿ ಬಣ್ಣ ಬಳಿಸಿ, ಚಿತ್ರದಲ್ಲಿ ಎದ್ದು ಕಾಣುತ್ತದೆ. ಸಮ ಬಂದರೆ ಬಹುಮಾನ ಹಂಚುತ್ತೀರೋ ಮತ್ತೆ ಓಡಿಸುತ್ತೀರೋ ಎಂಬುದನ್ನೂ ಆಗಲೇ ಹೇಳಿ. ಹಂಚುವುದು ಮೇಲು; ದಣಿದ ಎತ್ತುಗಳನ್ನು ಮತ್ತೆ ಹೂಡಿಸಿದರೆ ಅವುಗಳಿಗೆ ಮಾಡುವ ಅನ್ಯಾಯ.

ಜಾತ್ರೆ ಯಾವಾಗ ಎಂದು ಬರೆಯಿರಿ, ಮೈ ನೆಟ್ಟಗಿದ್ದರೆ ಬರುತ್ತೇನೆ. ಶಾಲು, ಹಾರ ಬೇಡ. ನನ್ನ ಕುರ್ಚಿಯನ್ನು ಪೆಂಡಾಲಿನಲ್ಲಿ ಗಣ್ಯರ ಸಾಲಿಗೆ ಹಾಕಬೇಡಿ, ಆ ಕಲ್ಲಿನ ಮೇಲೆಯೇ ಹಾಕಿಸಿ. ಭಾವಮೈದುನನನ್ನೂ ಕರೆತನ್ನಿ, ಅವನು ಅಲ್ಲಿಂದ ಹತ್ತು ಹೆಜ್ಜೆ ಈಚೆಗೆ ನಿಂತು ತನ್ನ ವಿಡಿಯೊ ಹಿಡಿಯಲಿ.